ಸಿಗಡಿ ಕಾಣದಿದ್ದರೆ ಮೊದಲು ಮೀನನ್ನು ಬೈಯಬೇಡಿ

ಮೊನ್ನೆ ಮಡಿಕೇರಿಯಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. "ದೊಡ್ಡಮ್ಮ, ಇಪ್ಪತ್ತು ಚೆರ್ರಿ ಸಿಗಡಿ ಬಿಟ್ಟಿದ್ದೆ, ಈಗ ಐದೋ ಆರೋ ಕಾಣ್ತವೆ, ಎಲ್ಲ ಈ ಜೀಬ್ರಾ ಮೀನುಗಳ ಕೆಲಸ, ಇವನ್ನ ಯಾರಿಗಾದ್ರೂ ಕೊಟ್ಟುಬಿಡ್ಲಾ?" ಅಂತ ಕೇಳಿದಳು. ಕೊಡಬೇಡ, ರಾತ್ರಿ ಲೈಟ್ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡು ಎಂದೆ. ಹದಿನೇಳು ಸಿಕ್ಕಿದವು. ಹಗಲು ಮೀನುಗಳ ಓಡಾಟಕ್ಕೆ ಹೆದರಿ ಕಲ್ಲಿನ ಹಿಂದೆ ಸೇರಿಕೊಂಡಿದ್ದವು, ಅಷ್ಟೆ.

ಚೆಂದಕ್ಕೆ ಸಾಕುವ ಪುಟ್ಟ ಕೆಂಪು ಚೆರ್ರಿ ಸಿಗಡಿ, ಪಟ್ಟೆಪಟ್ಟೆಯ ಜೀಬ್ರಾ ಮೀನು, ಇವೆರಡನ್ನೂ ಹನ್ನೆರಡು ವರ್ಷದಿಂದ ಒಂದೇ ಗಾಜಿನ ತೊಟ್ಟಿಯಲ್ಲಿ ಸಾಕುತ್ತಿದ್ದೇನೆ. ಸಿಗಡಿ ಕಡಿಮೆಯಾದರೆ ಎಲ್ಲರೂ ಮೀನಿನ ಮೇಲೆ ಹಾಕುತ್ತಾರೆ. ನನ್ನ ಕಣ್ಣೆದುರು ಮೀನು ತಿಂದದ್ದಕ್ಕಿಂತ, ನಾವು ಹೊರಗಿನಿಂದ ತಂದು ಹಾಕಿದ್ದರಿಂದ ಸತ್ತ ಸಿಗಡಿಗಳೇ ಜಾಸ್ತಿ. ಅದಕ್ಕೇ ಇಷ್ಟು ಬರೆಯಬೇಕು ಅನ್ನಿಸಿತು.

ಹಾಗಂತ ಯಾವ ಮೀನಾದರೂ ಆಗುತ್ತದೆ ಅಂತಲ್ಲ. ಬಾಯಿಗೆ ಹಿಡಿಯುವುದೆಲ್ಲ ಮೀನಿಗೆ ಊಟವೇ. ಬೆಳೆದ ಚೆರ್ರಿ ಸಿಗಡಿ ಎರಡೂವರೆ, ಮೂರು ಸೆಂಟಿಮೀಟರ್ ಇರುತ್ತದೆ. ಜೀಬ್ರಾ ಮೀನು ನಾಲ್ಕೈದು ಸೆಂಟಿಮೀಟರ್, ಬಾಯಿ ಸಣ್ಣದು. ದೊಡ್ಡ ಸಿಗಡಿಯನ್ನು ಮೂಸಿ ನೋಡಿ ಹೋಗುತ್ತದೆ, ಮರಿ ಸಿಕ್ಕಿದರೆ ಮಾತ್ರ ಬಿಡುವುದಿಲ್ಲ. ಗೋಲ್ಡ್ ಫಿಶ್, ಏಂಜೆಲ್, ಟೈಗರ್ ಬಾರ್ಬ್ ಬೇಡವೇ ಬೇಡ. ಚೆಂದ ಅಂತ ಮಿಸ್ ಕೇರಳ ಮೀನನ್ನೂ ಕೇಳುತ್ತಾರೆ. ಅದು ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದೇ ಮೀನು, 15 ಸೆಂಟಿಮೀಟರ್ ತನಕ ಬೆಳೆಯುತ್ತದೆ, ಸಿಗಡಿಯ ಜೊತೆ ಆಗುವುದಿಲ್ಲ. ಅಳಿವಿನ ಅಂಚಿಗೆ ಬಂದಿರುವ ಮೀನದು, ದಯವಿಟ್ಟು ಹೊಳೆಯಿಂದ ಹಿಡಿದು ತರಬೇಡಿ. ಇನ್ನೊಂದು ಮಾತು, ಮಕ್ಕಳು ಗದ್ದೆ ತೋಡಿನಿಂದ ಉದ್ದ ಇಕ್ಕುಳದ ಕೈ ಇರುವ ಸಿಗಡಿ ಹಿಡಿದು ತರುತ್ತಾರಲ್ವಾ, ಅದನ್ನು ತೊಟ್ಟಿಗೆ ಹಾಕಿದರೆ ಕಥೆ ತಿರುಗಿ ರಾತ್ರಿ ಅದೇ ನಿಮ್ಮ ಮೀನನ್ನು ಹಿಡಿಯುತ್ತದೆ.

ಕೊಡಗಿನವರಿಗೆ ಒಂದು ಅನುಕೂಲ ಇದೆ. ಜೀಬ್ರಾ ಮೀನಿಗೂ ಚೆರ್ರಿ ಸಿಗಡಿಗೂ ತಂಪು ಹವೆಯೇ ಹಿಡಿಸುವುದು. ನೀರು 18ರಿಂದ 25 ಡಿಗ್ರಿ ಇದ್ದರೆ ಎರಡೂ ಆರಾಮ. ನಮ್ಮ ಮನೆಯಲ್ಲಿ ಹೀಟರ್ ಹಾಕಿಯೇ ಇಲ್ಲ. ತೊಟ್ಟಿಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಒಳಕೋಣೆಯಲ್ಲಿ ಇಡಿ, ಸಾಕು.

ತೊಟ್ಟಿ ಎತ್ತರಕ್ಕಿಂತ ಉದ್ದ ಇರಲಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದಕ್ಕೆ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ಏಳೆಂಟು ಜೀಬ್ರಾ ಸಾಕು. ಎರಡು ಮೂರೇ ಇದ್ದರೆ ಅವು ಒಂದನ್ನೊಂದು ಅಟ್ಟಾಡಿಸಿ ಕೊನೆಗೆ ಸಿಗಡಿಯ ಮೀಸೆಗೂ ಬಾಯಿ ಹಾಕುತ್ತವೆ. ಗುಂಪಿದ್ದರೆ ತಮ್ಮ ಪಾಡಿಗೆ ಮೇಲೆ ಓಡಾಡಿಕೊಂಡಿರುತ್ತವೆ. ಮುಚ್ಚಳ ಬೇಕೇ ಬೇಕು, ಜೀಬ್ರಾ ನೆಗೆಯುತ್ತದೆ. ಮುಂದಿನ ಅರ್ಧ ಈಜಲು ಖಾಲಿ ಬಿಡಿ, ಹಿಂದಿನ ಅರ್ಧಕ್ಕೆ ಕಲ್ಲು ಪೇರಿಸಿ ಜಾವಾ ಮಾಸ್ (ನೀರೊಳಗೆ ಬೆಳೆಯುವ ಒಂದು ಪಾಚಿ) ದಟ್ಟವಾಗಿ ಬೆಳೆಸಿ. ಎಷ್ಟು ದಟ್ಟ ಅಂದರೆ ಮೀನಿನ ತಲೆ ಒಳಗೆ ಹೋಗಬಾರದು. ಮರಿ ಉಳಿಯುವುದು ಆ ಪೊದೆಯಲ್ಲೇ. ಮಳೆಗಾಲದಲ್ಲಿ ನಮ್ಮ ಮರಗಳ ಮೇಲೆ ಹಬ್ಬುವ ಪಾಚಿ ನೋಡಿ ಅದನ್ನೇ ಕಿತ್ತು ಹಾಕಿದವರಿದ್ದಾರೆ. ಅದು ನೀರೊಳಗೆ ಕೊಳೆಯುತ್ತದೆ, ಬೇಡ. ಫಿಲ್ಟರ್ ಸ್ಪಂಜಿನದ್ದು ಒಳ್ಳೆಯದು, ಬೇರೆ ಥರದ್ದು ಆದರೆ ನೀರು ಎಳೆಯುವ ಬಾಯಿಗೆ ಸ್ಪಂಜು ಸಿಗಿಸಿ.

ನೀರು ತುಂಬಿ ಫಿಲ್ಟರ್ ಓಡಿಸಿ ಚಿಟಿಕೆ ಮೀನಿನ ಆಹಾರ ಹಾಕುತ್ತಾ ನಾಲ್ಕರಿಂದ ಆರು ವಾರ ಕಾಯಬೇಕು, ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಕೂರಲು ಅಷ್ಟು ಸಮಯ ಹಿಡಿಯುತ್ತದೆ. ಆಮೇಲೆ ಸಿಗಡಿ ಮೊದಲು. ಎರಡು ತಿಂಗಳಾದ ಮೇಲೆ ಮೀನು. ಈ ಕ್ರಮ ತಪ್ಪಿಸಬೇಡಿ. ಮೊದಲು ಬಂದ ಸಿಗಡಿ ಮೂಲೆ ಮೂಲೆ ಗೊತ್ತು ಮಾಡಿಕೊಂಡು ಒಂದೆರಡು ಸಲ ಮರಿಯನ್ನೂ ಹಾಕಿರುತ್ತದೆ. ಮೊಟ್ಟೆ ಹೊಟ್ಟೆಗೆ ಅಂಟಿಸಿಕೊಂಡ ತಾಯಿ ಮರಿ ಬಿಡಲು ಹೆಚ್ಚುಕಡಿಮೆ ಒಂದು ತಿಂಗಳು.

ಈಗ ನನಗೆ ಮುಖ್ಯವಾಗಿ ಹೇಳಬೇಕಾದ್ದು. ಏಳೆಂಟು ವರ್ಷದ ಹಿಂದೆ, ಮಳೆಗಾಲಕ್ಕೆ ಮುಂಚೆ, ಕಾಳುಮೆಣಸಿನ ಬಳ್ಳಿಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಿದ್ದೆವು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ತೋಟ ಇರುವವರಿಗೆಲ್ಲ ಗೊತ್ತಿರುವ ಹದ. ಆ ಕೆಲಸಕ್ಕೆ ಬಳಸಿದ ಬಕೆಟನ್ನು ತೊಳೆದು ಬಚ್ಚಲಲ್ಲಿ ಇಟ್ಟಿದ್ದರು. ನೋಡಲು ಚೊಕ್ಕವಾಗಿತ್ತು. ನಾನು ಅದರಲ್ಲೇ ನೀರು ತಂದು ತೊಟ್ಟಿಗೆ ಸುರಿದೆ. ಮರುದಿನ ಬೆಳಗ್ಗೆ ನಲವತ್ತಕ್ಕಿಂತ ಹೆಚ್ಚು ಸಿಗಡಿ ತಳದಲ್ಲಿ ಬಿದ್ದಿದ್ದವು, ಮೀನುಗಳು ಏನೂ ಆಗದ ಹಾಗೆ ಓಡಾಡುತ್ತಿದ್ದವು. ಆ ಬೆಳಗ್ಗೆ ನೆನೆದರೆ ಈಗಲೂ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಮೈಲುತುತ್ತ ಅಂದರೆ ತಾಮ್ರ. ಮೀನು ತಡೆದುಕೊಳ್ಳುವಷ್ಟು ತಾಮ್ರ ಸಿಗಡಿಯನ್ನು ಕೊಂದುಬಿಡುತ್ತದೆ. ಮೀನು ಚೆನ್ನಾಗಿದ್ದು ಸಿಗಡಿಗಳೆಲ್ಲ ಒಟ್ಟಿಗೆ ಸತ್ತವು ಅಂದರೆ ಮೊದಲು ತಾಮ್ರವನ್ನೇ ಹುಡುಕಿ.

ಹಾಗಾಗಿ ತೊಟ್ಟಿಗೆ ಬೇರೆಯೇ ಬಕೆಟ್, ಬೇರೆಯೇ ಮಗ್ ಇಡಿ, ಮೇಲೆ ಬಣ್ಣದಲ್ಲಿ ಗುರುತು ಹಾಕಿ, ಮನೆಯವರಿಗೂ ತೋಟದ ಕೆಲಸದವರಿಗೂ ಹೇಳಿಡಿ. ಔಷಧಿ ಹೊಡೆದ ದಿನ ಎಷ್ಟೇ ಕೈ ತೊಳೆದರೂ ತೊಟ್ಟಿಗೆ ಕೈ ಹಾಕಬೇಡಿ. ಚಳಿಗೆ ನೀರು ಹದ ಮಾಡಲು ಬಚ್ಚಲ ತಾಮ್ರದ ಹಂಡೆಯ ಬಿಸಿನೀರು ಬೆರೆಸುತ್ತಾರೆ, ಅದೂ ಬೇಡ, ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ. ಹಳೆ ಕಾಫಿ ಗಿಡದ ಬೊಡ್ಡೆ ತೊಟ್ಟಿಯೊಳಗೆ ಬಹಳ ಚೆಂದ ಕಾಣುತ್ತದೆ ನಿಜ, ಆದರೆ ಅದರ ತೊಗಟೆ ಎಷ್ಟು ವರ್ಷ ಬೋರ್ಡೋ ಕುಡಿದಿದೆಯೋ ಯೋಚಿಸಿ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ಅಂಗಡಿಯ ಔಷಧಿಯ ಚೀಟಿ ಓದಿ, ಅದರಲ್ಲೂ ತಾಮ್ರ ಇರಬಹುದು, ಮೀನನ್ನು ಬೇರೆ ಪಾತ್ರೆಗೆ ತೆಗೆದೇ ಔಷಧಿ ಹಾಕಿ. ಸೊಳ್ಳೆ ಔಷಧಿಯ ಮೆಷಿನ್ ಆ ಕೋಣೆಯಲ್ಲಿ ಬೇಡ.

ಎರಡನೆಯ ತೊಂದರೆ ನಮ್ಮ ನೀರಿನದ್ದು. ಇಲ್ಲಿನ ಬಾವಿ ನೀರು, ಮಳೆ ನೀರು ಬಹಳ ಮೃದು. ಬೇಳೆ ಬೇಗ ಬೇಯುತ್ತದೆ, ನಮಗೆ ಒಳ್ಳೆಯದು. ಆದರೆ ಸಿಗಡಿ ಕೆಲವು ವಾರಕ್ಕೊಮ್ಮೆ ಪೊರೆ ಕಳಚಿ ಹೊಸ ಚಿಪ್ಪು ಕಟ್ಟಬೇಕು, ಅದಕ್ಕೆ ನೀರಿನಲ್ಲಿ ಸುಣ್ಣದ ಅಂಶ ಬೇಕು. ಇಲ್ಲದಿದ್ದರೆ ಕುತ್ತಿಗೆಯ ಹಿಂದೆ ಸುತ್ತ ಬಿಳಿ ಗೆರೆ ಬಿದ್ದು, ಪೊರೆ ಅರ್ಧಕ್ಕೆ ಸಿಕ್ಕಿಕೊಂಡು ಸಾಯುತ್ತದೆ. ನಾನು ಕಪ್ಪೆಚಿಪ್ಪನ್ನು ಕುದಿಸಿ ತೊಳೆದು ಪುಡಿ ಮಾಡಿ, ಒಂದು ಹಿಡಿಯಷ್ಟು ತೆಳು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನ ಪಕ್ಕ ಇಡುತ್ತೇನೆ. ನಿಧಾನವಾಗಿ ಕರಗುತ್ತದೆ. ಅಂಗಡಿಯಲ್ಲಿ ಸಿಗುವ ಗಡಸುತನದ ಪರೀಕ್ಷೆಯಲ್ಲಿ ಜಿಎಚ್ 6ರಿಂದ 8 ಬಂದರೆ ಸರಿ. ಎಲೆಅಡಿಕೆಯ ಸುಣ್ಣ ಹಾಕಬೇಡಿ, ನೀರು ಒಮ್ಮೆಲೇ ಕ್ಷಾರವಾಗಿ ಮೀನೂ ಸಾಯುತ್ತದೆ. ನೀರು ಬದಲಿಸುವುದು ವಾರಕ್ಕೆ ಹತ್ತರಲ್ಲಿ ಒಂದು ಪಾಲು ಮಾತ್ರ. ಕಳಚಿದ ಪೊರೆ ಗಾಜಿನ ಹಾಗೆ ಟೊಳ್ಳಾಗಿರುತ್ತದೆ, ಸತ್ತ ಸಿಗಡಿ ಮಬ್ಬಾಗಿ ತಿಳಿಗುಲಾಬಿ ಆಗಿರುತ್ತದೆ. ಪೊರೆಯನ್ನು ಅಲ್ಲೇ ಬಿಡಿ, ಅವೇ ತಿಂದುಕೊಳ್ಳುತ್ತವೆ.

ಊಟಕ್ಕೆ, ಮೀನಿಗೆ ಹಗಲು ಮೇಲೆ ಹಾಕಿ. ಸಿಗಡಿಗೆ ಲೈಟ್ ಆರಿಸಿದ ಮೇಲೆ ಬೇಯಿಸಿದ ಪಾಲಕ್‌ನ ಒಂದೆಲೆ, ನಿಮ್ಮ ಹಿತ್ತಲಿನದ್ದೇ ಆದರೆ ಒಳ್ಳೆಯದು, ಬೆಳಗ್ಗೆ ಉಳಿದದ್ದು ತೆಗೆಯಿರಿ. ಔಷಧಿ ಹೊಡೆಯದ ಸೀಬೆಮರದ ಒಣಗಿದ ಎಲೆ ಹಾಕಿದರೆ ವಾರಗಟ್ಟಲೆ ಮೇಯುತ್ತವೆ. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಹೋದರೆ ಊಟ ನಿಲ್ಲಿಸಿ, ಬ್ಯಾಟರಿಯ ಗಾಳಿ ಪಂಪ್ ಹಾಕಿ. ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ನಿಲ್ಲುತ್ತದೆ, ತೊಟ್ಟಿ ಕಿಕ್ಕಿರಿದಿಲ್ಲದಿದ್ದರೆ ತಡೆದುಕೊಳ್ಳುತ್ತವೆ.

ಎಲ್ಲ ಸರಿ ಹೋದರೆ ವರ್ಷದೊಳಗೆ ಸಿಗಡಿ ಹೆಚ್ಚಾಗುತ್ತದೆ. ಆಗ ತೋಡಿಗೋ ಕಾವೇರಿಗೋ ಬಿಡಬೇಡಿ. ಇವು ತೈವಾನ್, ಚೀನಾ ಕಡೆಯವು, ನಮ್ಮ ಹೊಳೆಯ ಸಿಗಡಿಗಳ ಜಾಗ ಕಸಿಯಬಹುದು. ಕೇಳಿದವರಿಗೆ ಮುಚ್ಚಳದ ಡಬ್ಬಿಯಲ್ಲಿ ಹಳೆ ತೊಟ್ಟಿಯ ನೀರು, ಒಂದು ತುಂಡು ಮಾಸ್ ಜೊತೆ ಹತ್ತು ಹತ್ತು ಹಾಕಿ ಕೊಡಿ, ಮನೆಗೆ ಹೋಗಿ ಗಂಟೆ ಎರಡು ಗಂಟೆ ತಮ್ಮ ನೀರನ್ನು ತೊಟ್ಟು ತೊಟ್ಟಾಗಿ ಬೆರೆಸಿ ಆಮೇಲೆ ಬಿಡಲು ಹೇಳಿ.