ಕಂಪ್ಯೂಟರ್ ಡ್ರಮ್ಸ್‌ಗೆ ಕೈಕಾಲು ಕೊಡುವುದು ಹೇಗೆ?

ಚಿಕ್ಕಬಳ್ಳಾಪುರದ ಬಾಡಿಗೆ ಮನೆಯೊಂದರ ಕೋಣೆಯಲ್ಲಿ ಅಸಲಿ ಡ್ರಮ್ ಸೆಟ್ ಬಾರಿಸಿದರೆ ಮನೆ ಮಾಲೀಕರು ಅದೇ ಸಂಜೆ ಬಾಗಿಲು ಬಡಿಯುತ್ತಾರೆ. ಅವರು ಸುಮ್ಮನಿದ್ದರೂ ಎಂಟು ಮೈಕು, ಎಂಟು ಇನ್‌ಪುಟ್‌ನ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಹೊಂದಿಸುವುದು ಯಾರ ಕೈಲಾಗುತ್ತದೆ? ಹಾಗಾಗಿ ಗಿಟಾರ್, ಬೇಸ್, ಗಾಯನ ಎಲ್ಲ ನಿಜವಾದದ್ದು, ಡ್ರಮ್ಸ್ ಮಾತ್ರ ಕಂಪ್ಯೂಟರಿನದು ಎಂಬುದು ಮನೆ ರೆಕಾರ್ಡಿಂಗ್‌ನಲ್ಲಿ ಮಾಮೂಲು. ಕೇಳುವವರಿಗೆ ಅದು ನಾಲ್ಕು ಬಾರ್‌ನೊಳಗೆ, ಅಂದರೆ ತಾಳದ ನಾಲ್ಕು ಸುತ್ತಿನೊಳಗೆ, ಗೊತ್ತಾಗಿಬಿಡುತ್ತದೆ. ಆಗ ಎಲ್ಲರೂ ದುಬಾರಿ ಪ್ಲಗಿನ್ (ಡ್ರಮ್ಸ್ ಸದ್ದು ಕೊಡುವ ತಂತ್ರಾಂಶ) ಹುಡುಕಲು ಹೊರಡುತ್ತಾರೆ. ದುಡ್ಡು ದಂಡ. ಉಚಿತವಾಗಿ ಸಿಗುವ ಎಂಟಿ ಪವರ್ ಡ್ರಮ್ ಕಿಟ್ 2 ಅಥವಾ ಸ್ಟೀವನ್ ಸ್ಲೇಟ್ ಡ್ರಮ್ಸ್ 5.5ರ ಉಚಿತ ಆವೃತ್ತಿ ಕಲಿಕೆಗೆ ಧಾರಾಳ ಸಾಕು. ಎಡವಟ್ಟು ಇರುವುದು ಸಾಮಾನ್ಯವಾಗಿ ನೋಟ್ ಬರೆದ ರೀತಿಯಲ್ಲಿ.

ಎರಡು ಕೈ, ಎರಡು ಕಾಲು

ಬರೆದ ಪ್ಯಾಟರ್ನ್‌ನ ಪ್ರತಿ ಗಳಿಗೆಯಲ್ಲೂ ಎಷ್ಟು ಕೈ ಬೇಕು ಎಂದು ಮೊದಲು ಎಣಿಸಿ. ಹೈ-ಹ್ಯಾಟ್ (ಜೋಡಿ ತಾಳ), ಸ್ನೇರ್ (ಚುರುಕು ಸದ್ದಿನ ಡ್ರಮ್), ಕ್ರ್ಯಾಶ್ (ದೊಡ್ಡ ತಾಳ) ಮೂರೂ ಒಟ್ಟಿಗೆ ಬಿದ್ದರೆ ಮೂರು ಕೈ ಬೇಕು. ಕ್ರ್ಯಾಶ್ ಬಿದ್ದ ಕಡೆ ಹೈ-ಹ್ಯಾಟ್ ಅಳಿಸಿ, ಅದರ ಜೊತೆಗೇ ಒಂದು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಇಡಿ. ಕಿಕ್ ಇಲ್ಲದ ಕ್ರ್ಯಾಶ್ ಟೊಳ್ಳಾಗಿ ಕೇಳುತ್ತದೆ. ಟಾಮ್‌ಗಳ (ಉಳಿದ ಡ್ರಮ್‌ಗಳು) ಮೇಲೆ ಫಿಲ್, ಅಂದರೆ ಹಾಡಿನ ಭಾಗಗಳ ನಡುವಿನ ಚಿಕ್ಕ ಉರುಳು, ನಡೆಯುವಾಗ ಎರಡೂ ಕೈ ಅಲ್ಲೇ ಇರುವುದರಿಂದ ಕೋಲಿನ ಹೈ-ಹ್ಯಾಟ್ ಪೂರ್ತಿ ನಿಲ್ಲಬೇಕು. ಬೇಕಿದ್ದರೆ ಎಡಗಾಲಿನ ಪೆಡಲ್ ಹ್ಯಾಟ್, ಅಂದರೆ ಜನರಲ್ ಮಿಡಿ ನಕ್ಷೆಯ (ಮಿಡಿ ಎಂದರೆ ಕಂಪ್ಯೂಟರಿಗೆ ನೋಟ್ ತಿಳಿಸುವ ಭಾಷೆ; ಯಾವ ಸಂಖ್ಯೆಗೆ ಯಾವ ಪೆಟ್ಟು ಎಂಬುದರ ಪಟ್ಟಿ ಈ ನಕ್ಷೆ) 44ನೇ ನೋಟ್, ಬೀಟ್ ಹಿಡಿದಿರಲಿ. ಎರಡು ಕೈಯಲ್ಲಿ ಸಿಕ್ಸ್‌ಟೀನ್ತ್ (ಬೀಟ್‌ಗೆ ನಾಲ್ಕು ಪೆಟ್ಟು) ಹ್ಯಾಟ್ ಬಾರಿಸುವವನ ಬಲಗೈ 2 ಮತ್ತು 4ನೇ ಬೀಟ್‌ಗೆ ಸ್ನೇರ್‌ಗೆ ಹೋಗುತ್ತದೆ. ಅಲ್ಲಿ ಹ್ಯಾಟ್ ಖಾಲಿ ಬಿಡಿ. ಈ ಚಿಕ್ಕ ಖಾಲಿ ಜಾಗವೇ ಇಲ್ಲೊಬ್ಬ ಮನುಷ್ಯ ಕೂತಿದ್ದಾನೆ ಎಂದು ಕಿವಿಗೆ ಹೇಳುತ್ತದೆ.

ಅನುಮಾನ ಬಂದರೆ ಕುರ್ಚಿಯ ಮೇಲೆ ಕೂತು, ವೇಗ ಅರ್ಧಕ್ಕಿಳಿಸಿ, ಗಾಳಿಯಲ್ಲೇ ಬಾರಿಸಿ ನೋಡಿ. ಕೈ ತಲುಪದ ಕಡೆ ನೋಟ್ ತೆಗೆಯಿರಿ.

ಪೆಟ್ಟಿನ ತೂಕ

ಮಿಡಿಯಲ್ಲಿ ಪೆಟ್ಟಿನ ಜೋರು 1ರಿಂದ 127ರವರೆಗೆ. ಇದಕ್ಕೆ ವೆಲಾಸಿಟಿ ಎನ್ನುತ್ತಾರೆ. ಮೌಸ್‌ನಲ್ಲಿ ಬರೆದರೆ ಎಲ್ಲವೂ ಒಂದೇ ಸಂಖ್ಯೆಯಲ್ಲಿ ಬಂದು ಕೂರುತ್ತವೆ. ಒಂದೇ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ಪೆಟ್ಟು) ಪದೇ ಪದೇ ಮೊಳಗಿ ಮೆಷಿನ್ ಗನ್ ಸದ್ದು ಬರುವುದು ಹೀಗೆ. ಪ್ಲಗಿನ್‌ನಲ್ಲಿ ರೌಂಡ್ ರಾಬಿನ್ ಸೌಲಭ್ಯವಿದ್ದರೆ ಮರೆಯದೆ ಆನ್ ಮಾಡಿ; ಒಂದೇ ಜೋರಿನ ಪೆಟ್ಟಿಗೂ ಅದು ಸ್ಯಾಂಪಲ್ ಬದಲಿಸುತ್ತಾ ಹೋಗುತ್ತದೆ.

ತಮಟೆಯವರ ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆ ಕಡ್ಡಿ. ಎರಡರ ನಾದವೂ ಬೇರೆ. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಈ ಜಿಲ್ಲೆಯವರೇ ಆದ್ದರಿಂದ ಆ ಸದ್ದನ್ನು ಇಲ್ಲಿನವರಿಗೆ ವಿವರಿಸಬೇಕಿಲ್ಲ. ಡ್ರಮ್ಮರ್‌ನ ಎರಡು ಕೋಲು ಒಂದೇ ಗಾತ್ರದ್ದಾದರೂ ಎಡಗೈ ಪೆಟ್ಟು ತುಸು ಹಗುರ. ಅದಕ್ಕೆ 8ರಿಂದ 12 ಅಂಕ ಕಡಿಮೆ ಕೊಡಿ.

110 ಬಿಪಿಎಂನ (ನಿಮಿಷಕ್ಕೆ ಇಷ್ಟು ಬೀಟ್ ಎಂಬ ಲೆಕ್ಕ) ಸಾದಾ ರಾಕ್ ಬೀಟ್‌ನಲ್ಲಿ ಒಂದು ಬಾರ್‌ನ ಎಂಟು ಹ್ಯಾಟ್‌ಗಳು ಹೀಗಿರಲಿ: 98, 70, 92, 66, 100, 72, 94, 68. 2 ಮತ್ತು 4ರ ಸ್ನೇರ್ 112, 116. ನಡುವೆ ಗುಸುಗುಡುವ ಘೋಸ್ಟ್ ನೋಟ್‌ಗಳು 25ರಿಂದ 40ರೊಳಗೆ. 50 ದಾಟಿದರೆ ಅವು ತಪ್ಪಿ ಬಿದ್ದ ಪೆಟ್ಟಿನಂತೆ ಕೇಳುತ್ತವೆ. ಮುಖ್ಯ ಕಿಕ್ 105, ಅದರ ಬೆನ್ನಿಗೇ ಬರುವುದು 90. ಎಲ್ಲಕ್ಕೂ 127 ಕೊಟ್ಟರೆ ಕೋರಸ್ ಬಂದಾಗ ಏರಿಸಲು ಜಾಗವೇ ಉಳಿಯುವುದಿಲ್ಲ.

ಕಾಲದ ಜಗ್ಗಾಟ

ಸಾಫ್ಟ್‌ವೇರ್‌ನ ಹ್ಯೂಮನೈಸ್ ಗುಂಡಿಯನ್ನು ಜನ ಅತಿಯಾಗಿ ನಂಬುತ್ತಾರೆ. ಅದು ನೋಟ್‌ಗಳನ್ನು ಮನಬಂದಂತೆ ಆಚೀಚೆ ಎಸೆಯುತ್ತದೆ. ಡ್ರಮ್ಮರ್ ಹಾಗೆ ತಪ್ಪುವುದಿಲ್ಲ, ಅವನ ಜಗ್ಗಾಟಕ್ಕೆ ಒಂದು ದಿಕ್ಕಿರುತ್ತದೆ. 120 ಬಿಪಿಎಂನಲ್ಲಿ ಒಂದು ಸಿಕ್ಸ್‌ಟೀನ್ತ್‌ನ ಉದ್ದ 125 ಮಿಲಿಸೆಕೆಂಡ್. ಅದರಲ್ಲಿ 20 ಆಚೀಚೆಯಾದರೆ ಕಲಿಯುತ್ತಿರುವ ಹುಡುಗ ಬಾರಿಸಿದಂತಾಗುತ್ತದೆ. ಕಿಕ್ ಅನ್ನು ಗ್ರಿಡ್ (ಪರದೆಯ ಮೇಲಿನ ಬೀಟ್ ಗೆರೆ) ಮೇಲೇ ಬಿಡಿ, ಬೇಸ್ ಅದನ್ನೇ ಹಿಡಿದು ನಡೆಯಬೇಕು. ಸ್ನೇರ್ ಅನ್ನು 5ರಿಂದ 10 ಮಿಲಿಸೆಕೆಂಡ್ ತಡ ಮಾಡಿ, ಬೀಟ್ ಭಾರವಾಗಿ ಕೂರುತ್ತದೆ. ವೇಗದ ಪಂಕ್ ಹಾಡಿಗೆ ಈ ಭಾರ ಹೊಂದುವುದಿಲ್ಲ. ಅಲ್ಲಿ ಹ್ಯಾಟ್ 2-3 ಮಿಲಿಸೆಕೆಂಡ್ ಮೊದಲೇ ಬಿದ್ದರೆ ಚೆಂದ.

ಕೋರಸ್‌ಗೆ 1 ಅಥವಾ 2 ಬಿಪಿಎಂ ಏರಿಸುವುದೂ ಒಳ್ಳೆಯ ಉಪಾಯವೇ. ಆದರೆ ಗಿಟಾರ್ ರೆಕಾರ್ಡ್ ಮಾಡುವ ಮೊದಲೇ ಅದನ್ನು ಹಾಕಿಕೊಳ್ಳಿ, ಆಮೇಲೆ ಹಾಕಿದರೆ ಗಿಟಾರ್, ಡ್ರಮ್ಸ್ ಎರಡರ ತಾಳವೂ ಕಿತ್ತುಹೋಗುತ್ತದೆ.

ಫಿಲ್‌ನ ವೆಲಾಸಿಟಿಯನ್ನು 85ರಿಂದ ಶುರು ಮಾಡಿ 115ಕ್ಕೆ ಏರಿಸಿ. ಕೊನೆಯ ಸಿಕ್ಸ್‌ಟೀನ್ತ್ ಖಾಲಿ ಬಿಟ್ಟರೆ ಕೈ ಕ್ರ್ಯಾಶ್‌ಗೆ ಹೋಗಲು ಸಮಯ ಸಿಗುತ್ತದೆ.

ಕೋಣೆ ಮತ್ತು ಮಿಕ್ಸಿಂಗ್

ಪ್ಲಗಿನ್ ಬೇರೆ ಬೇರೆ ಚಾನಲ್ ಕೊಡುವುದಾದರೆ ಹತ್ತಿರದ ಮೈಕು, ಓವರ್‌ಹೆಡ್ (ತಲೆ ಮೇಲಿನ ಮೈಕು), ರೂಮ್ (ದೂರದ ಮೈಕು) ಮೂರನ್ನೂ ಬಿಡಿಸಿಕೊಳ್ಳಿ. ರೂಮ್ ಫೇಡರ್ (ಸದ್ದಿನ ಮಟ್ಟದ ಗುಂಡಿ) ಇಳಿಸಿಬಿಡುವುದು ಹೊಸಬರ ಅಭ್ಯಾಸ. ಸದ್ದು 3 ಮೀಟರ್ ದಾಟಲು ಸುಮಾರು 9 ಮಿಲಿಸೆಕೆಂಡ್ ಹಿಡಿಯುತ್ತದೆ. ಆ ತಡವೇ ಕೋಣೆಯ ಗಾತ್ರದ ಸುಳಿವು. ರೂಮ್ ಚಾನಲ್‌ಗೆ 8:1 ಅನುಪಾತದ ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವ ಸಾಧನ) ಹಾಕಿ ಚೆನ್ನಾಗಿ ಹಿಂಡಿ, ಉಳಿದವುಗಳ ಅಡಿಯಲ್ಲಿ ಮೆಲ್ಲಗೆ ಬೆರೆಸಿ. ರೂಮ್ ಚಾನಲ್ ಇಲ್ಲವೇ? ಎಲ್ಲವನ್ನೂ ಒಂದೇ ರೂಮ್ ರಿವರ್ಬ್‌ಗೆ (ಕೋಣೆಯ ಗುಂಯ್‌ಗುಡುವಿಕೆ ಸೇರಿಸುವ ಪ್ಲಗಿನ್) ಕಳಿಸಿ, ಅವಧಿ 0.6ರಿಂದ 0.8 ಸೆಕೆಂಡ್. ಕಿಕ್ ಮಾತ್ರ ತೀರಾ ಕಡಿಮೆ.

ಇಡೀ ಡ್ರಮ್ಸ್‌ನ ಬಸ್‌ಗೆ (ಎಲ್ಲ ಚಾನಲ್ ಕೂಡುವ ಕಡೆ) 4:1 ಕಂಪ್ರೆಸರ್, ಅಟ್ಯಾಕ್ (ಅದು ಹಿಡಿಯಲು ತೆಗೆದುಕೊಳ್ಳುವ ಸಮಯ) 30 ಮಿಲಿಸೆಕೆಂಡ್, ರಿಲೀಸ್ (ಬಿಡಲು ತೆಗೆದುಕೊಳ್ಳುವ ಸಮಯ) 100. ಮೀಟರ್ 2-3 ಡೆಸಿಬೆಲ್ ಇಳಿದರೆ ಸಾಕು. ಅಟ್ಯಾಕ್ 1ಕ್ಕೆ ಇಳಿಸಿದಿರೋ, ಕೋಲು ತಾಗುವ ಮೊನೆಯೇ ಮಾಯ. ಕಿಕ್ ರಟ್ಟಿನ ಡಬ್ಬದಂತೆ ಕೇಳಿದರೆ 300ರಿಂದ 400 ಹರ್ಟ್ಜ್‌ನಲ್ಲಿ 4 ಡೆಸಿಬೆಲ್ ಕಡಿಯಿರಿ. ಸ್ನೇರ್‌ಗೆ ಮೈ ಬೇಕೆನಿಸಿದರೆ 200ರ ಆಸುಪಾಸು ನೋಡಿ. ಕೊನೆಗೆ ಮಿಕ್ಸ್ ಅನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ. ಅಲ್ಲಿ ಕಿಕ್ ಕಾಣೆಯಾದರೆ 60 ಹರ್ಟ್ಜ್ ಏರಿಸಿ ಪ್ರಯೋಜನವಿಲ್ಲ, ಆ ಸ್ಪೀಕರ್ ಅದನ್ನು ನುಡಿಸುವುದೇ ಇಲ್ಲ. 3ರಿಂದ 4 ಕಿಲೋಹರ್ಟ್ಜ್ ನಡುವೆ 2-3 ಡೆಸಿಬೆಲ್ ಕೊಡಿ.