ಗೆರೆ ದಾಟಿದ ಮೇಲೂ ಕಾಲು ನಿಲ್ಲಿಸಬೇಡಿ

ತಾಲೂಕು ಮಟ್ಟದ ಕ್ರೀಡಾಕೂಟ. ಹೆಣ್ಣುಮಕ್ಕಳ 1500 ಮೀಟರ್ ಓಟ. ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗಿ ಮೂರನೆಯವಳಾಗಿ ಗೆರೆ ದಾಟಿದಳು. ದಾಟಿ ಎರಡು ಹೆಜ್ಜೆ ಇಟ್ಟವಳು ಹಾಗೇ ನಿಂತುಬಿಟ್ಟಳು. ಎರಡೂ ಕೈ ಮಂಡಿ ಮೇಲೆ. ನಾನು ಸ್ಟಾಪ್‌ವಾಚ್ ಹಿಡಿದು ಆಚೆ ಕಡೆ ನಿಂತಿದ್ದೆ. ಅವಳ ತುಟಿ ಬಿಳಿಚಿಕೊಂಡಿದ್ದು ಅಲ್ಲಿಂದಲೇ ಕಂಡಿತು. ‘ನಿಲ್ಬೇಡ್ವೇ, ನಡಿ, ನಡಿ’ ಅಂತ ಕೂಗುವಷ್ಟರಲ್ಲಿ ಬಿದ್ದೇಬಿಟ್ಟಳು.

ಇಬ್ಬರು ಓಡಿ ಬಂದು ರಟ್ಟೆ ಹಿಡಿದು ಎತ್ತಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿದರು. ಒಬ್ಬರು ಬಾಯಿಗೆ ನೀರಿನ ಬಾಟಲಿ ಹಿಡಿದರು. ಇನ್ಯಾರೋ ಕೈಗೆ ಬೈಕಿನ ಕೀ ತುರುಕಿದರು. ಎಲ್ಲರದ್ದೂ ಒಳ್ಳೇ ಮನಸ್ಸೇ. ಆದರೆ ಹುಡುಗಿ ಮುಖ ಇನ್ನಷ್ಟು ಸುಣ್ಣದ ಹಾಗಾಗಿ, ಕುರ್ಚಿಯಿಂದ ಜಾರತೊಡಗಿದಳು. ನಾನು ಹೋಗಿ ಅವಳನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸಿ, ವಾಲಿಬಾಲ್ ತುಂಬಿದ್ದ ಚೀಲದ ಮೇಲೆ ಕಾಲು ಎತ್ತಿಟ್ಟೆ. ಅರ್ಧ ನಿಮಿಷ ಆಗಿರಬಹುದು. ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, ‘ಮಿಸ್, ನಂದು ಎಷ್ಟನೇದು?’

ನಾನು ಚಿತ್ರದುರ್ಗ ಜಿಲ್ಲೆಯ ಹೈಸ್ಕೂಲೊಂದರಲ್ಲಿ 22 ವರ್ಷದಿಂದ ಪಿ.ಟಿ. ಮಿಸ್. ಡಾಕ್ಟರಲ್ಲ. ಆದರೆ ಹುಡುಗರು ‘ಚಕ್ಕರ್’ ಅನ್ನೋ, ನಮ್ಮಮ್ಮ ‘ಬವಳಿ’ ಅನ್ನುತ್ತಿದ್ದ ಈ ತೊಂದರೆಯನ್ನು ವರ್ಷಕ್ಕೆ ಹತ್ತು ಸಲವಾದರೂ ನೋಡುತ್ತೇನೆ. ಒಂದು ಸಲ ನನಗೇ ಬಂದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು, ಯಾಕೆ ಹೀಗಾಗುತ್ತೆ ನೋಡಿ. ನಮ್ಮ ಕಡೆಯವರಿಗೆ ಬೋರ್‌ವೆಲ್ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಓಡುವಾಗ ಕಾಲಿನ ಸ್ನಾಯುಗಳಿಗೆ ರಕ್ತ ಜಾಸ್ತಿ ಬೇಕು. ಅದಕ್ಕೆ ಅಲ್ಲಿನ ರಕ್ತನಾಳಗಳು ಅಗಲವಾಗುತ್ತವೆ. ಹೀಗೆ ಕೆಳಗಿಳಿದ ರಕ್ತ ಮತ್ತೆ ಎದೆಗೆ ಹತ್ತಬೇಕಲ್ಲ, ಅದನ್ನು ಹತ್ತಿಸುವ ಮೋಟಾರು ಮೀನಖಂಡ. ಒಂದೊಂದು ಹೆಜ್ಜೆಗೂ ಅದು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ರಕ್ತ ವಾಪಸ್ ಇಳಿಯದ ಹಾಗೆ ನಾಳದೊಳಗೆ ಪುಟ್ಟ ಪುಟ್ಟ ವಾಲ್ವ್‌ಗಳಿವೆ, ಪಂಪಿನ ಫುಟ್‌ವಾಲ್ವ್ ಇದ್ದ ಹಾಗೆ. ಈಗ ನೀವು ಗಕ್ಕನೆ ನಿಂತಿರಿ. ಮೋಟಾರಿಗೆ ಕರೆಂಟ್ ಹೋಯಿತು. ನಾಳ ಮಾತ್ರ ಇನ್ನೂ ಅಗಲವಾಗಿಯೇ ಇದೆ. ರಕ್ತ ಕಾಲಲ್ಲೇ ನಿಂತುಬಿಡುತ್ತದೆ, ಬಿ.ಪಿ. ಇಳಿಯುತ್ತದೆ, ತಲೆಗೆ ಹೋಗುವುದು ಕಡಿಮೆಯಾಗುತ್ತದೆ. ಕಿವಿ ಗುಂಯ್ ಅನ್ನುತ್ತದೆ, ಕಣ್ಣು ಕತ್ತಲಿಡುತ್ತದೆ.

ಬೀಳುವುದು ಅಂದರೆ ದೇಹ ತನಗೆ ತಾನೇ ಮಾಡಿಕೊಳ್ಳುವ ಚಿಕಿತ್ಸೆ. ಅಡ್ಡ ಮಲಗಿದರೆ ತಲೆ ಮತ್ತು ಎದೆ ಒಂದೇ ಮಟ್ಟಕ್ಕೆ ಬರುತ್ತವೆ, ರಕ್ತ ಹತ್ತಬೇಕಾದ ಏರೇ ಇರುವುದಿಲ್ಲ. ಅದಕ್ಕೇ ಬಿದ್ದವರನ್ನು ಎತ್ತಿ ಕೂರಿಸಬೇಡಿ ಅನ್ನೋದು.

ಹಾಗಾದರೆ ತಲೆ ಸುತ್ತು ಶುರುವಾದ ತಕ್ಷಣ ಏನು ಮಾಡಬೇಕು? ನಾಚಿಕೆ ಬಿಟ್ಟು ನೆಲದ ಮೇಲೆ ಮಲಗಿ. ಮಣ್ಣಾಗಲಿ, ಟಾರ್ ರೋಡಿನ ಪಕ್ಕವಾಗಲಿ. ಕಾಲನ್ನು ಒಂದಡಿಯಷ್ಟು ಎತ್ತರದಲ್ಲಿಡಿ. ಬ್ಯಾಗು, ಕಲ್ಲು, ಗೆಳೆಯನ ತೊಡೆ, ಏನಾದರೂ ನಡೆಯುತ್ತದೆ. ಮಲಗಲು ಜಾಗವೇ ಇಲ್ಲದಿದ್ದರೆ ಕುಳಿತು ತಲೆಯನ್ನು ಮಂಡಿಗಳ ನಡುವೆ ಬಗ್ಗಿಸಿ. ಅದೂ ಆಗದಿದ್ದರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿಯಾಗಿ ಒತ್ತಿ, ಮುಷ್ಟಿ ಹಿಡಿಯಿರಿ. ಇದರಿಂದ ಒಂದೆರಡು ನಿಮಿಷ ಸಿಗುತ್ತದೆ. ಆಗಸ್ಟ್ 15ರ ಪೆರೇಡಿಗೆ ಮುಂಚೆ ಎಲ್ಲ ಮಕ್ಕಳಿಗೂ ಹೇಳಿಕೊಡುತ್ತೇನೆ: ಭಾಷಣ ಎಷ್ಟೇ ಉದ್ದವಾಗಲಿ, ಮಂಡಿ ಲಾಕ್ ಮಾಡಿ ನಿಲ್ಲಬೇಡಿ, ಶೂ ಒಳಗೆ ಬೆರಳು ಆಡಿಸುತ್ತಿರಿ, ಮೀನಖಂಡ ಬಿಗಿ ಮಾಡಿ ಬಿಡಿ. ಅಲ್ಲಿ ಬೀಳುವ ಮಕ್ಕಳದ್ದೂ ಇದೇ ಕಥೆ. ಓಡಿರುವುದಿಲ್ಲ, ನಿಂತಿರುತ್ತಾರೆ ಅಷ್ಟೇ.

ಬಿದ್ದವರು ಬೇರೆಯವರಾದರೆ ಮೊದಲು ಉಸಿರಾಡುತ್ತಿದ್ದಾರಾ ನೋಡಿ. ಮಲಗಿಸಿ, ಕಾಲೆತ್ತಿ, ಬೆಲ್ಟು, ಕಾಲರ್ ಸಡಿಲ ಮಾಡಿ. ಸುತ್ತ ನಿಂತ ಗುಂಪನ್ನು ಗದರಿಸಿ ಕಳಿಸಿ. ನಮ್ಮಲ್ಲಿ ಇದೇ ಕಷ್ಟದ ಕೆಲಸ. ಪೂರ್ತಿ ಎಚ್ಚರ ಬರುವ ತನಕ ಬಾಯಿಗೆ ಒಂದು ತೊಟ್ಟು ನೀರೂ ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ವಾಂತಿ ಬರುವ ಹಾಗಿದ್ದರೆ ಪಕ್ಕಕ್ಕೆ ಹೊರಳಿಸಿ. ಕಬ್ಬಿಣದ ಕೀ, ಈರುಳ್ಳಿ ವಾಸನೆ ಇವೆಲ್ಲ ಬೇಡ. ಎಚ್ಚರವಾದ ಮೇಲೂ ಹತ್ತು ಹದಿನೈದು ನಿಮಿಷ ಮಲಗಿರಲಿ. ಆಮೇಲೆ ಎದ್ದು ಕೂರುವುದು, ಎರಡು ನಿಮಿಷ ಬಿಟ್ಟು ನಿಲ್ಲುವುದು. ‘ನಂಗೇನಾಗಿಲ್ಲ ಮಿಸ್’ ಅಂತ ಎದ್ದು ಓಡುವವರೇ ಎರಡನೇ ಸಲ ಬೀಳುವುದು.

ಇದೆಲ್ಲ ಬಿದ್ದ ಮೇಲಿನ ಮಾತು. ಬೀಳದ ಹಾಗೆ ನೋಡಿಕೊಳ್ಳುವುದು ಇನ್ನೂ ಸುಲಭ. ನಮ್ಮ ಮೈದಾನದಲ್ಲಿ ಒಂದು ಕಾನೂನಿದೆ. ಗೆರೆ ದಾಟಿದ ಮೇಲೆ ಬೇವಿನ ಮರದ ತನಕ ಹೋಗಿ ಬರಬೇಕು. ಮೊದಲ ನೂರು ಮೀಟರ್ ನಿಧಾನ ಓಟ, ಆಮೇಲೆ ನಡಿಗೆ. ಒಟ್ಟು ಐದರಿಂದ ಹತ್ತು ನಿಮಿಷ. ಉಸಿರು ಸಲೀಸಾಗಿ ಮಾತಾಡುವಷ್ಟಕ್ಕೆ ಬರಬೇಕು. ಆಮೇಲೆ ಕೂರಬಹುದು, ಮೈ ಎಳೆದು ಸಡಿಲ ಮಾಡಬಹುದು. ಟ್ರೆಡ್‌ಮಿಲ್ ಮೇಲೂ ಅಷ್ಟೇ. ಸ್ಟಾಪ್ ಒತ್ತಿ ಇಳಿಯಬೇಡಿ, ವೇಗ ಇಳಿಸುತ್ತಾ ಬನ್ನಿ. ನನ್ನ ತಮ್ಮ ದಾವಣಗೆರೆಯಲ್ಲಿ ಗರಡಿಗೆ ಹೋಗುತ್ತಿದ್ದ. ಇನ್ನೂರು ಬಸ್ಕಿ ಹೊಡೆಸಿದ ಮೇಲೆ ಅಲ್ಲಿನ ಉಸ್ತಾದರು ಯಾರನ್ನೂ ಕೂರಲು ಬಿಡುತ್ತಿರಲಿಲ್ಲವಂತೆ. ಕೈ ಬೀಸುತ್ತಾ ಗರಡಿ ಸುತ್ತಬೇಕು. ಅವರಿಗೆ ಈ ರಕ್ತನಾಳದ ಲೆಕ್ಕ ಗೊತ್ತಿತ್ತೋ ಇಲ್ಲವೋ, ಕೆಲಸ ಮಾತ್ರ ಸರಿಯಾಗಿ ಗೊತ್ತಿತ್ತು. ಭಾರ ಎತ್ತುವವರಿಗೆ ಇನ್ನೊಂದು ಮಾತು: ದಮ್ಮು ಕಟ್ಟಿ ಎತ್ತಬೇಡಿ. ಉಸಿರು ಬಿಗಿಹಿಡಿದರೆ ಎದೆಯೊಳಗೆ ಒತ್ತಡ ಏರಿ ರಕ್ತ ವಾಪಸ್ ಬರುವುದೇ ಕಡಿಮೆಯಾಗುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ.

ಈಗ ನನ್ನ ಕಥೆ. ಏಪ್ರಿಲ್ ತಿಂಗಳು, ಭಾನುವಾರ. ಹಿಂದಿನ ರಾತ್ರಿ ಮದುವೆ ಮನೆ ಓಡಾಟ, ಸರಿಯಾಗಿ ನೀರು ಕುಡಿದಿರಲಿಲ್ಲ. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದು ಜೋಗಿಮಟ್ಟಿ ರಸ್ತೆಯಲ್ಲಿ ಏರು ಓಡಿದೆ. ಹೊರಟಿದ್ದೇ ತಡವಾಗಿ, ಬಿಸಿಲು ಸುಡುತ್ತಿತ್ತು. ಒಂದು ತಿರುವಿನಲ್ಲಿ ನಿಂತು ಶೂ ಲೇಸ್ ಕಟ್ಟಲು ಬಗ್ಗಿ ಎದ್ದೆ. ರಸ್ತೆ ನಿಧಾನಕ್ಕೆ ಕಪ್ಪಾಗುತ್ತಾ ಬಂತು, ಅಂಚಿನಿಂದ ಮಧ್ಯಕ್ಕೆ. ಹಳೇ ಟಿ.ವಿ. ಆಫ್ ಮಾಡಿದಾಗ ನಡುವೆ ಒಂದು ಚುಕ್ಕಿ ಉಳಿಯುತ್ತಿತ್ತಲ್ಲ, ಹಾಗೆ. ಮೈಲಿಗಲ್ಲು ಹಿಡಿದು ಕುಸಿದೆ. ಮಕ್ಕಳಿಗೆ ಬೈಯುವ ಎಲ್ಲ ತಪ್ಪನ್ನೂ ಒಂದೇ ಬೆಳಿಗ್ಗೆ ನಾನೇ ಮಾಡಿದ್ದೆ: ಖಾಲಿ ಹೊಟ್ಟೆ, ನೀರಿಲ್ಲ, ನಿದ್ದೆಯಿಲ್ಲ, ಬಿಸಿಲು, ಗಕ್ಕನೆ ನಿಂತಿದ್ದು.

ಅವತ್ತಿನಿಂದ ಹೊರಡುವ ಗಂಟೆ ಮುಂಚೆ ಒಂದು ಬಾಳೆಹಣ್ಣು, ಎರಡು ಲೋಟ ನೀರು ತಪ್ಪಿಸುವುದಿಲ್ಲ. ವಾಪಸ್ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಬಿ.ಪಿ. ಇರುವವರು ಉಪ್ಪಿನ ವಿಷಯ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ. ಓ.ಆರ್.ಎಸ್. ಆದರೆ ಪ್ಯಾಕೆಟ್ ಮೇಲೆ ಬರೆದಷ್ಟು ನೀರಿಗೇ ಕಲಸಿ. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿಯುವವರನ್ನು ನೋಡಿದ್ದೇನೆ, ಅದು ಕೆಟ್ಟದ್ದೇ ಮಾಡುತ್ತದೆ. ಮನೆಗೆ ಬಂದ ಕೂಡಲೇ ಹಂಡೆಯ ಸುಡು ನೀರು ಸುರಿದುಕೊಳ್ಳಬೇಡಿ. ಬಿಸಿಗೆ ಚರ್ಮದ ನಾಳಗಳೂ ಅಗಲವಾಗಿ ಬಿ.ಪಿ. ಇನ್ನೂ ಇಳಿಯುತ್ತದೆ. ಇಪ್ಪತ್ತು ನಿಮಿಷ ಬಿಡಿ, ಉಗುರುಬೆಚ್ಚಗೆ ಸಾಕು. ತಲೆ ಸುತ್ತಿದ ದಿನ ಬಚ್ಚಲಿನ ಚಿಲಕ ಹಾಕಬೇಡಿ.

ನಮ್ಮ ಚಿತ್ರದುರ್ಗದ ಕೋಟೆ ಹತ್ತುವವರಿಗೂ ಒಂದು ಮಾತು. ತುಪ್ಪದ ಕೊಳದ ಬತೇರಿಗೆ, ಅಂದರೆ ಬಂಡೆ ಮೇಲಿನ ಬುರುಜಿಗೆ, ಬಂಡೆಯಲ್ಲಿ ಕೊರೆದ ಕಾಲ್ಗುಳಿಗಳಲ್ಲಿ ಏದುಸಿರು ಬಿಡುತ್ತಾ ಹತ್ತಿ, ಮೇಲೆ ಮುಟ್ಟಿದ ಕ್ಷಣವೇ ಅಂಚಿಗೆ ಹೋಗಿ ಸೆಲ್ಫಿಗೆ ನಿಲ್ಲುತ್ತಾರೆ. ಗಕ್ಕನೆ ನಿಲ್ಲಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಅಂಚಿನಿಂದ ದೂರ ಸ್ವಲ್ಪ ಹೊತ್ತು ಕಾಲಾಡಿಸಿ. ಹತ್ತುವಾಗಲೇ ತಲೆ ಗಿರ್ ಅಂದರೆ ಬಂಡೆಗೆ ಒರಗಿ ಅಲ್ಲೇ ಕೂತುಬಿಡಿ. ಇಳಿಯುವ ಸಾಹಸ ಆ ಹೊತ್ತಿಗೆ ಬೇಡ.

ಹುಡುಗಿಯರ ವಿಷಯ ಬೇರೆಯಾಗಿ ಹೇಳಬೇಕು. ಮತ್ತೆ ಮತ್ತೆ ಚಕ್ಕರ್ ಬರುತ್ತದೆ ಅನ್ನುವವರಲ್ಲಿ ರಕ್ತಹೀನತೆ ಇರಬಹುದು. ರೆಪ್ಪೆಯ ಒಳಭಾಗ ಬಿಳಿಚಿಕೊಂಡಿರುತ್ತದೆ, ಮೆಟ್ಟಿಲು ಹತ್ತಿದರೂ ಏದುಸಿರು. ಸುಮ್ನೆ ಊಹಿಸುವುದು ಬೇಡ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡುತ್ತೇವೆ. ನಮ್ಮ ಕಿಟಕಿಯ ಆಚೆ ಕಸ ಗುಡಿಸಿದಾಗ ಒಂದು ಹಿಡಿ ನೀಲಿ ಮಾತ್ರೆ ಸಿಕ್ಕಿದ್ದವು! ಹೊಟ್ಟೆ ತೊಳಸುತ್ತೆ ಅಂತ ಎಸೆಯುತ್ತಾರೆ. ಊಟವಾದ ಮೇಲೆ ತಗೊಂಡರೆ ಅಷ್ಟು ಕಾಡಲ್ಲ. ಅದರ ಜೊತೆ ಟೀ ಮಾತ್ರ ಬೇಡ, ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತದೆ.

ದೊಡ್ಡವರಾದರೆ ಮಾತ್ರೆ ಡಬ್ಬಿ ನೋಡಿ. ಬಿ.ಪಿ. ಮಾತ್ರೆ, ನೀರು ಹೋಗಿಸುವ ಮಾತ್ರೆ, ಪ್ರಾಸ್ಟೇಟಿಗೆ ಕೊಡುವ ಕೆಲವು ಮಾತ್ರೆ ಈ ತಲೆ ಸುತ್ತನ್ನು ಜಾಸ್ತಿ ಮಾಡಬಹುದು. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಹೇಳಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುವ ಶುಗರ್ ಇರುವವರಿಗೆ ಬೆವರಿ, ಕೈ ನಡುಗಿ, ತಲೆ ಹಗುರವಾದರೆ ಶುಗರ್ ಇಳಿದಿರಬಹುದು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ವಾಕಿಂಗ್‌ಗೆ ಹೋಗುವಾಗ ಜೇಬಲ್ಲಿ ಸಕ್ಕರೆ ಪೊಟ್ಟಣ ಇರಲಿ.

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ನಮ್ಮ ಮೈದಾನಕ್ಕೆ ಬರುತ್ತಿದ್ದ ಎಷ್ಟೋ ಜನ ಹೆದರಿ ಓಟವನ್ನೇ ಬಿಟ್ಟರು. ಓಟ ಬಿಡುವುದು ಬೇಡ. ಯಾವುದು ಸಾಮಾನ್ಯ, ಯಾವುದು ಅಲ್ಲ ಅಂತ ಗೊತ್ತಿದ್ದರೆ ಸಾಕು. ಓಟ ಮುಗಿಸಿ ನಿಂತಾಗ ತಲೆ ಸುತ್ತಿ, ಮಲಗಿದ ಕೂಡಲೇ ಸರಿಯಾದರೆ ಹೆಚ್ಚಿನ ಸಲ ಭಯವಿಲ್ಲ. ಓಡುತ್ತಿರುವಾಗಲೇ, ಕಾಲು ಇನ್ನೂ ಆಡುತ್ತಿರುವಾಗಲೇ ಬಿದ್ದರೆ ಅದು ಬೇರೆ ವಿಷಯ. ಹದಿನಾಲ್ಕರ ಹುಡುಗನಾದರೂ ಸರಿ, ಹೃದಯದ ಪರೀಕ್ಷೆ ಆಗುವ ತನಕ ಮೈದಾನಕ್ಕೆ ಇಳಿಸಬೇಡಿ. ಬೀಳುವ ಮುಂಚೆ ಎದೆ ಡವಡವ ಹೊಡೆದುಕೊಂಡಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ಸತ್ತಿದ್ದರೆ, ಆಗಲೂ ಹಾಗೆಯೇ. ಎದೆ ನೋವು, ಮಲಗಿಸಿ ಒಂದು ನಿಮಿಷವಾದರೂ ಎಚ್ಚರವಾಗದಿರುವುದು, ಮಾತು ತೊದಲುವುದು ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಉಸಿರೇ ಆಡುತ್ತಿಲ್ಲ ಅಂದರೆ ಫೋನ್ ಮಾಡಿಸುತ್ತಲೇ ಎದೆ ಒತ್ತಲು ಶುರು ಮಾಡಿ. ಮೈ ಕೆಂಡದ ಹಾಗೆ ಸುಡುತ್ತಾ ಏನೇನೋ ಬಡಬಡಿಸುತ್ತಿದ್ದರೆ ಅದು ಬಿಸಿಲಿನ ಹೊಡೆತ. ಆಂಬುಲೆನ್ಸ್ ಬರುವ ತನಕ ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಿರಿ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಓಡುವಾಗ ಬಂತೋ, ನಿಂತ ಮೇಲೋ? ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ? ಅವತ್ತು ಏನು ತಿಂದಿದ್ದಿರಿ, ಯಾವ ಮಾತ್ರೆ ನುಂಗಿದ್ದಿರಿ? ಬಿದ್ದದ್ದನ್ನು ಕಣ್ಣಾರೆ ನೋಡಿದವರೊಬ್ಬರು ಜೊತೆಗಿರಲಿ, ಬಿದ್ದವರಿಗೆ ಏನೂ ನೆನಪಿರುವುದಿಲ್ಲ. ಆ ಒಂಬತ್ತನೇ ಕ್ಲಾಸಿನ ಹುಡುಗಿ ಜೊತೆ ನಾನೇ ಹೋಗಿದ್ದೆ. ಬೆಳಿಗ್ಗೆ ಏನು ತಿಂದಿದ್ದೆ ಅಂತ ಡಾಕ್ಟರು ಕೇಳಿದಾಗ ‘ಮಂಡಕ್ಕಿ’ ಅಂದಳು. ಎಷ್ಟು ಅಂದರೆ, ಕೈ ಬೊಗಸೆ ಮಾಡಿ ತೋರಿಸಲು ಹೋಗಿ, ನನ್ನ ಮುಖ ನೋಡಿ ಒಂದು ಕೈ ಇಳಿಸಿದಳು.