ಕೋಡ್ ತೋರಿಸದ ಕೂಲೆಂಟ್ ಸೆನ್ಸರ್ ಹಿಡಿದಿದ್ದು ಹೀಗೆ

ಸ್ಕ್ಯಾನರ್‌ನಲ್ಲಿ ಕೋಡ್ (ದೋಷದ ನಂಬರ್) ಇಲ್ಲ ಅಂದ್ರೆ ಕೂಲೆಂಟ್ ಸೆನ್ಸರ್, ಅಂದರೆ ಎಂಜಿನ್ ತಣಿಸುವ ನೀರಿನ ಬಿಸಿ ಅಳೆಯುವ ಸೆನ್ಸರ್, ಸರಿ ಇದೆ ಅಂತ ನಮ್ಮ ದಾವಣಗೆರೆಯಲ್ಲಿ ಇನ್ನೂ ಬಹಳ ಮೇಸ್ತ್ರಿಗಳು ನಂಬಿದ್ದಾರೆ. ನಾನು ಸ್ಟೌ ಮೇಲೆ ನೀರಿಟ್ಟು ಸೆನ್ಸರ್ ಇಳಿಬಿಟ್ಟಾಗ, 'ಏನಣ್ಣ, ಚಹಾ ಕಾಸ್ತಿದ್ದೀಯಾ?' ಅಂತ ಪಕ್ಕದ ಶೆಡ್‌ನವರು ನಕ್ಕಿದ್ದರು. ಈಗ ಅವರೇ ಚೆಕ್ ಮಾಡಿಕೊಡು ಅಂತ ಸೆನ್ಸರ್ ಕಳಿಸುತ್ತಾರೆ.

ಗಾಡಿ ಹಳೆಯ ಪೆಟ್ರೋಲ್ ಕಾರು, ದಿನಾ ಚಿತ್ರದುರ್ಗಕ್ಕೆ ಓಡಾಟ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಹೈವೇಯಿಂದ ಬಂದು, ಬೆಣ್ಣೆ ದೋಸೆ ತಿಂದು ಹೊರಡೋಣ ಅಂದರೆ ಆಗಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದರೆ ಕರಿ ಹೊಗೆ ಬಿಟ್ಟು ಸ್ಟಾರ್ಟ್ ಆಗುತ್ತಿತ್ತು. ಮೈಲೇಜ್ 16ರಿಂದ 11ಕ್ಕೆ ಇಳಿದಿತ್ತು. ಇಂಜೆಕ್ಟರ್ ಕ್ಲೀನಿಂಗ್, ಪ್ಲಗ್ ಸೆಟ್, ಫ್ಯುಯೆಲ್ ಪಂಪ್ ಅಂತ ಓನರ್ ಆಗಲೇ 11-12 ಸಾವಿರ ಕಳೆದಿದ್ದರು. ಕೊನೆಗೆ ಒಂದು ಕಡೆ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, 18 ಸಾವಿರ ಆಗುತ್ತೆ ಅಂದಿದ್ದರಂತೆ.

ಕೋಡ್ ಬಿಟ್ಟು ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣ ಕೊಡುವ ರೀಡಿಂಗ್, ನೋಡಿದೆ. ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟಕ್ಕಾಗದಷ್ಟು ಸುಡ್ತಿದೆ, ಸ್ಕ್ಯಾನರ್ ಮಾತ್ರ 40 ಡಿಗ್ರಿ ಆಸುಪಾಸು ತೋರಿಸ್ತಿದೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಸರಿಯಾಗಿ ನಡುವೆ ನಿಂತಿತ್ತು. ಎಲ್ಲರೂ ಮೋಸ ಹೋಗಿದ್ದು ಇಲ್ಲೇ. ಈ ಗಾಡಿಯಲ್ಲಿ ಮುಳ್ಳಿಗೆ ಬೇರೆ ಸೆಂಡರ್, ಇಸಿಎಂಗೆ ಬೇರೆ ಸೆನ್ಸರ್. ಸೆನ್ಸರ್ ಸರ್ಕ್ಯೂಟ್ ಓಪನ್ (ತುಂಡು) ಆದರೆ ಪಿ0118, ಶಾರ್ಟ್ ಆದರೆ ಪಿ0117 ಅಂತ ಕೋಡ್ ಬರುತ್ತಿತ್ತು. ಸೆನ್ಸರ್ ಬದುಕಿದ್ದು ಸುಳ್ಳು ಹೇಳಿದರೆ ಆ ಹಳೆಯ ಇಸಿಎಂಗೆ ಗೊತ್ತಾಗಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇತ್ತು.

ಕನೆಕ್ಟರ್ ಕ್ಲೀನ್ ಮಾಡಿದೆ, ಪ್ರಯೋಜನ ಇಲ್ಲ. ಗ್ರೌಂಡ್ ವೈರ್ ಹೊಸದಾಗಿ ಎಳೆದೆ, ಅದೇ ಕಥೆ. ಅರ್ಧ ದಿನ ಹೋಯಿತು. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯೋದು) ಇಳಿಯಬೇಕು, 80 ಡಿಗ್ರಿಯಲ್ಲಿ 300 ಚಿಲ್ಲರೆ ಓಮ್. ಆಮೇಲೆ ಸೆನ್ಸರ್ ಬಿಚ್ಚಿಟ್ಟು, ಅದರ ಬದಲು ಕನೆಕ್ಟರ್‌ಗೆ 330 ಓಮ್‌ನ ರೆಸಿಸ್ಟರ್ ಸಿಕ್ಕಿಸಿದೆ. ಒಂದೆರಡು ರೂಪಾಯಿಯ ಸಾಮಾನು. ಸ್ಕ್ಯಾನರ್ ತಕ್ಷಣ 80 ಡಿಗ್ರಿ ಹತ್ತಿರ ಹೋಯಿತು. ಅಂದರೆ ವೈರಿಂಗ್ ಸರಿ, ಇಸಿಎಂ ಸರಿ. ಆ 18 ಸಾವಿರ ಅಲ್ಲೇ ಉಳಿಯಿತು.

ಇನ್ನು ನೀರಿನ ಪಾತ್ರೆ. ತುದಿ ಮಾತ್ರ ಮುಳುಗಬೇಕು, ಪಾತ್ರೆಯ ತಳಕ್ಕೆ ತಾಗಬಾರದು, ಪಕ್ಕದಲ್ಲೇ ಥರ್ಮಾಮೀಟರ್, ಸೆನ್ಸರ್ ಪಿನ್‌ಗಳಿಗೆ ಓಮ್ ಮೀಟರ್. ತಣ್ಣೀರಲ್ಲಿ 2 ಕಿಲೋ ಓಮ್‌ಗಿಂತ ಸ್ವಲ್ಪ ಮೇಲೆ, 40 ಡಿಗ್ರಿಗೆ ಸುಮಾರು 1,150 ಓಮ್. ಇಲ್ಲಿವರೆಗೂ ಚೆನ್ನಾಗಿತ್ತು. 80ಕ್ಕೆ 300 ಚಿಲ್ಲರೆಗೆ ಇಳಿಯಬೇಕಾದದ್ದು ಸಾವಿರದ ಮೇಲೆಯೇ ಕೂತುಬಿಟ್ಟಿತು. ಸೆನ್ಸರನ್ನು ಬೆರಳಲ್ಲಿ ತಟ್ಟಿದರೆ ಓಮ್ ರೀಡಿಂಗ್ ಒಮ್ಮೆ ಬಿದ್ದು ಮತ್ತೆ ಮೇಲೇರುತ್ತಿತ್ತು. ತಣ್ಣಗಿದ್ದಾಗ ಅಳೆದವರಿಗೆ ಇದು ಸಿಗೋದಾದ್ರೂ ಹೇಗೆ?

ಮೊದಲು ತಂದ 150 ರೂಪಾಯಿಯ ಹೊಸ ಸೆನ್ಸರ್ ಕೂಡ ಬಿಸಿನೀರಲ್ಲಿ ಫೇಲ್. ಅದಕ್ಕೇ ಈಗ ಹೊಸದನ್ನೂ ಕುದಿಸದೆ ಹಾಕಲ್ಲ. ಡೂಪ್ಲಿಕೇಟ್ ಅಂತ ನೋಡಿದ ಕೂಡಲೇ ಹೇಳುವ ಗುರುತೊಂದಿದೆ, ಅದು ನನ್ನ ಹತ್ತಿರವೇ ಇರಲಿ. ಒರಿಜಿನಲ್ 450ರ ಆಸುಪಾಸು ಬಿತ್ತು, ಕೂಲಿ 600 ತಗೊಂಡೆ.

ಬಿಡುವಿದ್ದಾಗ ಇನ್ನೊಂದು ನೋಡಿದೆ. ಒಳ್ಳೆ ಸೆನ್ಸರನ್ನೇ ನೀರಿಂದ ಎತ್ತಿ ಬರೀ ಹಬೆಯಲ್ಲಿ ಹಿಡಿದರೆ ರೀಡಿಂಗ್ ಓಲಾಡುತ್ತೆ. ಕೂಲೆಂಟ್ ಕಮ್ಮಿ ಇದ್ದರೆ, ಗಾಳಿ ಸಿಕ್ಕಿಕೊಂಡಿದ್ದರೆ ಎಂಜಿನ್ ಒಳಗೂ ಹೀಗೇ ಆಗುತ್ತೆ. ಸೆನ್ಸರ್ ಬದಲಿಸಿದ ಮೇಲೆ ಏರ್ ಪೂರ್ತಿ ತೆಗೆಯಿರಿ. ಆ ಕಾರು ಈಗ 15ರ ಮೇಲೆ ಕೊಡುತ್ತಿದೆ.